ಟ್ಯಾಂಕರ್ ಲೆಕ್ಕಕ್ಕಿಲ್ಲ

ಆ ನಿಯಮ ಮಾಡಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ನಮ್ಮ ಹಳೇ ಲಾರಿ ಗುಂಪಿನ ಪುಸ್ತಕದ ಮೊದಲ ಪುಟದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಕೆಂಪು ಪೆನ್ನಿನಲ್ಲಿ ಬರೆದಿದೆ: ‘ಟ್ಯಾಂಕರ್ ಲೆಕ್ಕಕ್ಕಿಲ್ಲ.’ ಕೆಳಗೆ ಎರಡು ಗೀಟು ಬೇರೆ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದ ಕೈ ಇದು, ಗೀಟು ಎಳೆಯದೆ ಸುಮ್ಮನಿರುವುದಿಲ್ಲ.

ಗುಂಪು ಎಂದರೆ ದೊಡ್ಡ ಸಂಘವೇನಲ್ಲ. ಭಾನುವಾರ ಬೆಳಿಗ್ಗೆ ಜಯನಗರದ ಒಂದು ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವ ಏಳೆಂಟು ಜನ. ಎಲ್ಲರಿಗೂ ಹಳೇ ಲಾರಿಗಳ ಹುಚ್ಚು. ಒಬ್ಬರಿಗೊಬ್ಬರು ನೆಂಟರಲ್ಲ, ಒಂದೇ ಆಫೀಸಿನವರೂ ಅಲ್ಲ. ರಸ್ತೆಯಲ್ಲಿ ಒಂದು ಹಳೇ ಲಾರಿ ಹೋದರೆ ತಾಳಿ ಕಟ್ಟುವ ಮುಹೂರ್ತದಲ್ಲೂ ಕತ್ತು ತಿರುಗಿಸುವ ಜಾತಿ ನಮ್ಮದು. ನಮ್ಮ ಮನೆಯವರು ಇದಕ್ಕೆ ಏನೇನೋ ಹೆಸರಿಟ್ಟಿದ್ದಾರೆ, ಅವೆಲ್ಲ ಬರೆಯುವಂಥವಲ್ಲ. ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು. ಮೊದಮೊದಲು ದರ್ಶಿನಿಯ ಕ್ಯಾಷಿಯರ್ ನನ್ನನ್ನು ಯಾರದೋ ಹೆಂಡತಿ ಅಂದುಕೊಂಡಿದ್ದ. ಆಮೇಲೆ ಜಗಳದಲ್ಲಿ ಎಲ್ಲರಿಗಿಂತ ಜೋರು ದನಿ ನನ್ನದೇ ಎಂದು ಗೊತ್ತಾದ ಮೇಲೆ ಆ ಅನುಮಾನ ಬಿಟ್ಟ.

ಈ ಗುಂಪಿನಲ್ಲಿ ಇಬ್ಬರ ವಿಷಯ ಹೇಳಿದರೆ ಸಾಕು. ಒಬ್ಬರು ಮೇಸ್ತ್ರಿ. ವಿಲ್ಸನ್ ಗಾರ್ಡನ್ನಿನ ಗ್ಯಾರೇಜಿನಲ್ಲಿ ನಲವತ್ತು ವರ್ಷ ಲಾರಿ ಎಂಜಿನ್ ಬಿಚ್ಚಿ ಕಟ್ಟಿದವರು, ಈಗ ಎಪ್ಪತ್ತೈದು ದಾಟಿದೆ. ಕಿವಿ ಸ್ವಲ್ಪ ಮಂದ, ಬಾಯಿ ಮಾತ್ರ ಚುರುಕು. ಇನ್ನೊಬ್ಬರು ಕತ್ರಿಗುಪ್ಪೆಯ ಟೈಲರ್. ನನ್ನ ರವಿಕೆ ಹೊಲಿಯುವವರು ಅವರೇ. ಹೇಳಿದ ದಿನಕ್ಕೆ ಒಂದು ರವಿಕೆಯನ್ನೂ ಕೊಟ್ಟವರಲ್ಲ, ಆದರೆ ಲಾರಿ ಫೋಟೊ ಬೇಕೆಂದರೆ ಸ್ಕೂಟರ್ ಹತ್ತಿ ಆನೇಕಲ್ಲಿಗೂ ಹೋಗುತ್ತಾರೆ.

ನಮ್ಮ ಪುಸ್ತಕದಲ್ಲಿ ಎರಡು ಭಾಗ. ‘ಕಂಡದ್ದು’, ‘ಕೇಳಿದ್ದು’. ಕಂಡದ್ದು ಎಂದು ಬರೆಯಬೇಕಾದರೆ ಆ ಲಾರಿಯನ್ನು ಕೈಯಿಂದ ಮುಟ್ಟಿರಬೇಕು. ದೂರದಿಂದ ನೋಡಿದೆ, ಬಸ್ಸಿನಿಂದ ನೋಡಿದೆ, ಫೋಟೊ ಹೊಡೆದೆ ಎಂದೆಲ್ಲ ಹೇಳಿದರೆ ಅದು ಕೇಳಿದ್ದರ ಭಾಗಕ್ಕೆ ಹೋಗುತ್ತದೆ. ಇಟ್ಟಿಗೆ ಗೂಡೊಂದರ ಹಿಂದೆ ನಿಂತಿರುವ, ಎಡಗಡೆ ಸ್ಟೇರಿಂಗಿನ ಹಳೇ ಮಿಲಿಟರಿ ಲಾರಿ ಕಂಡದ್ದರಲ್ಲಿದೆ. ಸರ್ಕಸ್ಸಿನವರು ಬಿಟ್ಟುಹೋದ, ಮೈಮೇಲೆ ಹುಲಿಯ ಬಾಲ ಮಾತ್ರ ಉಳಿದಿರುವ ಲಾರಿಯೂ ಇದೆ. ಹೀಗೆ ಒಂದೊಂದು ಸಾಲಿಗೂ ಯಾರದೋ ಒಂದು ಭಾನುವಾರ, ಯಾರದೋ ಹೆಂಡತಿಯ ಬೈಗುಳ ಸಂದಿದೆ.

ಟ್ಯಾಂಕರ್ ಯಾಕೆ ಬೇಡ ಎಂದೆ? ಲಾರಿಗೂ ಮುಪ್ಪು ಬರುತ್ತದೆ. ಹೊಸದರಲ್ಲಿ ಬೊಂಬಾಯಿಗೆ ಹೋಗುತ್ತದೆ, ಆಮೇಲೆ ಹಾಸನಕ್ಕೆ, ಆಮೇಲೆ ಇಟ್ಟಿಗೆ, ಮರಳು. ಕೊನೆಗೆ ಬಾಡಿ ಕಿತ್ತು ಬೆನ್ನಿಗೆ ನೀರಿನ ಟ್ಯಾಂಕ್ ಕಟ್ಟುತ್ತಾರೆ. ಅಷ್ಟು ಹೊತ್ತಿಗೆ ಅದರ ಮುಖವೂ ಅದರದ್ದಾಗಿರುವುದಿಲ್ಲ. ‘ಅದು ಲಾರಿಯಲ್ಲ, ಚಕ್ರ ಇರೋ ಕೊಡ’ ಎಂದು ನಾನು ವಾದ ಮಾಡಿ ಗೆದ್ದೆ. ಮೇಸ್ತ್ರಿ ಒಬ್ಬರೇ ಒಪ್ಪಲಿಲ್ಲ. “ಮುಖ ನೋಡಿ ಮಣೆ ಹಾಕ್ತೀರಲ್ಲಮ್ಮ ನೀವು,” ಎಂದು ಹೇಳಿ ಚಟ್ನಿ ಹಾಕಿಸಿಕೊಳ್ಳಲು ಹೋದರು.

ನಾನು ಮುಖಕ್ಕೇ ಅಂಟಿಕೊಂಡಿದ್ದಕ್ಕೆ ಕಾರಣವಿತ್ತು. ನಾನು ಆ ಗುಂಪಿಗೆ ಸೇರಿದ್ದೇ ಒಂದು ಮುಖ ಹುಡುಕಿಕೊಂಡು.

ನಮ್ಮಪ್ಪನಿಗೆ ಒಂದು ಲಾರಿ ಇತ್ತು. ಅವರೇ ಓನರ್, ಅವರೇ ಡ್ರೈವರ್. ಆ ಕಾಲದಲ್ಲಿ ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿ, ಅಂದರೆ ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಎಂಜಿನ್, ನಾಲ್ಕೂ ಕಡೆ ಚಕ್ರ. ಅಪ್ಪ ಮದ್ರಾಸಿನಿಂದ ಅದನ್ನು ಮೈಮೇಲೆ ಸೂರಿಲ್ಲದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಓಡಿಸಿಕೊಂಡು ಬಂದರಂತೆ. ಮನೆಗೆ ಬಂದಾಗ ಕಣ್ಣು ಬಿಟ್ಟರೆ ಮಿಕ್ಕಿದ್ದೆಲ್ಲ ಧೂಳು. ಕ್ಯಾಬಿನ್ ಕಟ್ಟಿದ್ದು ನಮ್ಮ ಬೀದಿಯ ಹಿಂದಿನ ಶೆಡ್ಡಿನ ಬಡಗಿ. ಹಣೆ ದುಂಡಗೆ ಬರುವಂತೆ, ನಡುವೆ ಸೀಳಿದ ಎರಡು ಗಾಜು ಕೂರುವಂತೆ ಮರದಲ್ಲಿ ಕಟ್ಟಿ ಹಸಿರು ಹಳದಿ ಬಳಿದುಕೊಟ್ಟಿದ್ದ. ಊರಿಗೆಲ್ಲ ಅಂಥ ಹಣೆಯ ಲಾರಿ ಅದೊಂದೇ. ಅದರ ಫೋಟೊ ಈಗಲೂ ನನ್ನ ಪರ್ಸಿನಲ್ಲಿದೆ.

ಬೇಸಿಗೆ ರಜದಲ್ಲಿ ಅಪ್ಪ ನನ್ನನ್ನು ಯಶವಂತಪುರದ ಮಂಡಿಗೆ ಕರೆದುಕೊಂಡು ಹೋಗುತ್ತಿದ್ದರು. ನನಗಾಗ ಆರು ವರ್ಷ. ಹತ್ತಲು ಕಾಲು ಎಟುಕುತ್ತಿರಲಿಲ್ಲ. ಎತ್ತಿಕೊಂಡು ಹತ್ತಿಸಲು ಬಂದರೆ ನಾನು ಬಿಡುತ್ತಿರಲಿಲ್ಲ, ‘ನಾನೇ ಹತ್ತೀನಿ’ ಎಂದು ರಂಪ. ಅಪ್ಪ ನಗುತ್ತಾ ವೆಲ್ಡಿಂಗಿನವನ ಹತ್ತಿರ ಒಂದು ಮುರಿದ ಸ್ಪ್ರಿಂಗ್ ಪಟ್ಟಿ ಬಗ್ಗಿಸಿ, ಎಡಗಡೆ ಬಾಗಿಲ ಕೆಳಗೆ ಒಂದು ಪುಟ್ಟ ಮೆಟ್ಟಿಲು ಮಾಡಿಸಿದರು. ಕ್ಯಾಬಿನ್ ಮರದ್ದು, ಅದಕ್ಕೆ ಹಾಕಿದರೆ ತಡೆಯುವುದಿಲ್ಲ ಎಂದು ಚಾಸಿಗೇ ಬೋಲ್ಟ್ ಹೊಡೆಸಿದರು. ನನ್ನ ಹವಾಯಿ ಚಪ್ಪಲಿ ಜಾರುತ್ತದೆಂದು ಅದರ ಮೇಲೆ ವೆಲ್ಡಿಂಗಿನ ಚುಕ್ಕಿ ಇಡಿಸುವಾಗ ನಾನು ಮಧ್ಯೆ ಬಾಯಿ ಹಾಕಿದೆ. ರಂಗೋಲಿ ಹಾಗೆ ಇಡಬೇಕು ಎಂದೆ. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ. ವೆಲ್ಡಿಂಗಿನವನು ಗೊಣಗಿಕೊಂಡೇ ಇಟ್ಟ.

ಆ ಲಾರಿಯನ್ನು ಮಾರಿಸಿದವಳೂ ನಾನೇ.

ನನಗಾಗ ಹದಿನೆಂಟು ವರ್ಷ, ಜಯನಗರದಲ್ಲಿ ಕಾಲೇಜು. ಒಂದು ದಿನ ಬಸ್ಸಿಲ್ಲದೆ ಅಪ್ಪನ ಲಾರಿಯಲ್ಲಿ ಹೋಗಿ ಕಾಲೇಜಿನ ಗೇಟಿನಲ್ಲಿ ಇಳಿದೆ. ಗೆಳತಿಯೊಬ್ಬಳು, “ಯಾರೇ ಅದು, ಲಾರಿಯವನು?” ಎಂದಳು. ನಾನು, “ಪಕ್ಕದ ಮನೆಯವರು,” ಎಂದುಬಿಟ್ಟೆ. ಎಂಜಿನ್ ಇನ್ನೂ ಓಡುತ್ತಿತ್ತು, ಆ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲೇ ಇಲ್ಲ. ಆ ರಾತ್ರಿಯಿಂದ ಮೂರು ದಿನ ಊಟ ಬಿಟ್ಟೆ. ಲಾರಿ ಮಾರಿ, ಎಲ್ಲರ ಅಪ್ಪಂದಿರ ಹಾಗೆ ಶರ್ಟ್ ಹಾಕಿಕೊಂಡು ಒಂದು ಕೆಲಸಕ್ಕೆ ಹೋಗಿ ಎಂದು ಹಠ ಹಿಡಿದೆ. ನಾಲ್ಕನೆಯ ದಿನ ಅಪ್ಪ ಮಾರಿ ಬಂದರು. ಒಂದು ಗೋಡೌನಿನಲ್ಲಿ ಸ್ಲಿಪ್ ಬರೆಯುವ ಕೆಲಸ ಹಿಡಿದರು. ಒಂದು ಮಾತು ಆಡಲಿಲ್ಲ.

ಆಡಿದ್ದರೆ ಚೆನ್ನಾಗಿತ್ತು. ಅದರ ಬದಲು ಸಂಜೆ ಜಗಲಿಯ ಮೇಲೆ ಕೂತು ರಸ್ತೆಯ ಲಾರಿಗಳ ಸದ್ದು ಕೇಳುತ್ತಿದ್ದರು. ಪ್ರತಿ ಲಾರಿ ಹೋದಾಗಲೂ ತಮ್ಮಷ್ಟಕ್ಕೆ, “ನಮ್ದಲ್ಲ,” ಎನ್ನುತ್ತಿದ್ದರು. ಹೋಯಿತು ಒಂದು, “ನಮ್ದಲ್ಲ.” ಇನ್ನೊಂದು, “ನಮ್ದಲ್ಲ.” ಒಳಗೆ ಓದುತ್ತಾ ಕೂತ ನನಗೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು. ಹದಿನಾರು ವರ್ಷ ಹೀಗೆ ಕೇಳಿ, ಒಂದು ಸಲವೂ ‘ನಮ್ದು’ ಎನ್ನದೆ ಹೋದರು.

ಅವರು ಹೋದ ಮೇಲೆ ನಾನು ಹುಡುಕಲು ಹಿಡಿದೆ. ಕೊಂಡವರು ಅದನ್ನು ಸೇಲಂ ಕಡೆಗೆ ಮಾರಿದ್ದರು. ರಾಜ್ಯ ದಾಟಿದರೆ ಗಾಡಿಯ ನಂಬರ್ ಬದಲಾಗುತ್ತದೆ, ಅಲ್ಲಿಗೆ ಜಾಡು ತಪ್ಪಿತು. ಉಳಿದದ್ದು ಪರ್ಸಿನ ಫೋಟೊ, ಅಪ್ಪನ ಟ್ರಂಕಿನಲ್ಲಿ ಸಿಕ್ಕ ಹಳೇ ಇನ್ಶೂರೆನ್ಸ್ ಕಾಗದ. ಅದರಲ್ಲಿ ಚಾಸಿ ನಂಬರ್ ಇತ್ತು. ಕಂಪನಿಯವರು ಕಬ್ಬಿಣದ ಮೇಲೆ ಕೊರೆದ ಆ ನಂಬರ್ ಎಷ್ಟು ರಾಜ್ಯ ತಿರುಗಿದರೂ ಬದಲಾಗುವುದಿಲ್ಲ. ನನಗೆ ಅದು ಬಾಯಿಪಾಠ, ಕೊನೆಯ ಅಂಕಿ ಏಳು. ಆದರೆ ಯಾವ ಲಾರಿಯ ಕೆಳಗೆ ನುಗ್ಗಿ ಓದುವುದು? ದುಂಡು ಹಣೆ ಕಂಡರೆ ತಾನೇ ನುಗ್ಗುವುದು? ಇಪ್ಪತ್ತು ವರ್ಷ ನಾನು ಹಣೆಗಳನ್ನೇ ನೋಡಿದೆ.

ಈಗ ಆ ಟ್ಯಾಂಕರಿನ ವಿಷಯ. ಜೆ.ಪಿ. ನಗರದಲ್ಲಿ ನಾವಿರುವ ಲೇಔಟಿಗೆ ಬೋರ್‌ವೆಲ್ ಕೈಕೊಟ್ಟ ಮೇಲೆ ಟ್ಯಾಂಕರ್ ನೀರೇ ಗತಿ. ದಿನಾ ಬೆಳಿಗ್ಗೆ ಆರಕ್ಕೆ ಒಂದು ಮುದಿ ಟ್ಯಾಂಕರ್ ಬರುತ್ತಿತ್ತು. ಮುಖ ಚಪ್ಪಟೆ ತಗಡು, ಬಣ್ಣ ಯಾವುದೆಂದು ದೇವರೇ ಹೇಳಬೇಕು. ಬಂದರೆ ಬೀದಿ ತುಂಬ ಹೊಗೆ, ವಾಲ್ವಿನಿಂದ ತೊಟತೊಟ ನೀರು, ಗೇಟಿನ ಮುಂದೆ ಹಾರ್ನ್. ಲೇಔಟಿನ ಸಂಘಕ್ಕೆ ನಾನೇ ಕಾರ್ಯದರ್ಶಿ. ಡ್ರೈವರ್ ಕಮ್ ಓನರ್ ಐವತ್ತೈದರ ಆಸುಪಾಸಿನ ಮನುಷ್ಯ, ಒಂದು ಮಂಡಿ ಮಡಚುತ್ತಿರಲಿಲ್ಲ. ಎಷ್ಟು ಬೈದರೂ, “ಆಯ್ತು ಮೇಡಂ, ಮಾಡಿಸ್ತೀನಿ ಮೇಡಂ,” ಎನ್ನುತ್ತಿದ್ದ. ಮಾಡಿಸುತ್ತಿರಲಿಲ್ಲ. ಅವನ ಆ ‘ಆಯ್ತು ಮೇಡಂ’ ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

ನಾನು ಹಿಡಿದದ್ದು ಬಿಡುವ ಜನವಲ್ಲ. ಆರು ಕಾರಣ ಕೊಟ್ಟು, ನಂಬರ್ ಹಾಕಿ, ಸಂಘಕ್ಕೆ ಪತ್ರ ಬರೆದೆ. ಮನೆಮನೆಗೆ ಹೋಗಿ ಸಹಿ ಹಾಕಿಸಿದೆ. ಆ ಟ್ಯಾಂಕರ್ ನಿಲ್ಲಿಸಿ, ಮಿರಮಿರ ಮಿಂಚುವ ಹೊಸದೊಂದನ್ನು ಗೊತ್ತುಮಾಡಿದೆವು. ಕೊನೆಯ ದಿನ ಡ್ರೈವರ್ ಗೇಟಿನಲ್ಲಿ ನಿಂತು, “ಬರ್ತೀನಿ ಮೇಡಂ,” ಎಂದ. ನಾನು ಗೇಟು ಹಾಕಿಕೊಂಡೆ.

ಅದೇ ದಿನ ಟೈಲರ್ ನನ್ನ ರವಿಕೆ ಕೊಡಲು ಬಂದಿದ್ದರು, ಎಂದಿನಂತೆ ಹದಿನೈದು ದಿನ ತಡವಾಗಿ. ಹೊರಗೆ ನಿಂತಿದ್ದ ಟ್ಯಾಂಕರಿನ ಫೋಟೊ ಹೊಡೆದುಕೊಂಡು ಹೋಗಿದ್ದರು. ಭಾನುವಾರ ದರ್ಶಿನಿಯಲ್ಲಿ ಅದನ್ನು ಎಲ್ಲರಿಗೂ ತೋರಿಸಿದರು.

ನಾನು ಸಿಡುಕಿದೆ. “ಅಲ್ರೀ, ನಿಯಮ ಗೊತ್ತಿಲ್ವಾ? ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದ್ಮೇಲೆ ಈ ದರಿದ್ರದ್ದನ್ನ ಯಾಕ್ ತಂದ್ರಿ?”

“ಗಾಡಿ ಬಿಡಿ ಮೇಡಂ, ಆ ಡ್ರೈವರ್ ಕಾಲ್ ನೋಡಿ,” ಎಂದರು ಟೈಲರ್. “ಮಂಡಿ ನೋವಂತೆ. ಅದಕ್ಕೇ ಎಡಗಡೆ ಬಾಗ್ಲಿಂದ, ಆ ಗಿಡ್ಡ ಮೆಟ್ಲು ಮೇಲೆ ಕಾಲಿಟ್ಟು ಹತ್ತುತ್ತಾನೆ. ಯಾವ ಕಂಪನಿ ಗಾಡೀಲೂ ನಾನಿಂಥದ್ದು ನೋಡಿಲ್ಲ. ಕೇಳಿದ್ರೆ, ಯಾವನೋ ಪುಣ್ಯಾತ್ಮ ಹಾಕಿಸಿದ್ದಾನೆ ಸಾರ್, ನಾನ್ ತಗೊಂಡಾಗ್ಲೇ ಇತ್ತು ಅಂದ.”

ಮೇಸ್ತ್ರಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, “ಸ್ಪ್ರಿಂಗ್ ಪಟ್ಟಿ ಕಣ್ರೀ ಇದು. ಕೈಕೆಲ್ಸ,” ಎಂದರು.

ನಾನು ಫೋನ್ ಕಿತ್ತುಕೊಂಡೆ. ಬೆರಳಿನಲ್ಲಿ ಚಿತ್ರ ದೊಡ್ಡದು ಮಾಡಿದೆ. ಅವನ ಚಪ್ಪಲಿಯ ಪಕ್ಕದಲ್ಲಿ ಪಟ್ಟಿಯ ಅಂಚು ಕಾಣುತ್ತಿತ್ತು. ಅಲ್ಲಿ ಮೂರು ಚುಕ್ಕಿ, ಸವೆದು ಬೇಳೆಯಷ್ಟಾಗಿದ್ದವು. ಅದರ ಹಿಂದೆ ಇನ್ನೊಂದು ಸಾಲು. ಮಿಕ್ಕಿದ್ದನ್ನು ಅವನ ಪಾದ ಮುಚ್ಚಿತ್ತು. ಅಯ್ಯೋ ನನ್ನ ಕರ್ಮವೇ!

“ಏನಾಯ್ತು ಮೇಡಂ?” ಎಂದರು ಟೈಲರ್.

“ಅವನಿಗೆ ಫೋನ್ ಮಾಡಿ, ನಂಬರ್ ನಾನ್ ಕೊಡ್ತೀನಿ. ನಿಮ್ಮ ಫೋನಿಂದ. ನನ್ ನಂಬರ್ ನೋಡಿದ್ರೆ ಎತ್ತಲ್ಲ ಅವನು.”

ಎತ್ತಿದ. ಟೈಲರ್ ಸ್ಪೀಕರ್ ಹಾಕಿದರು. “ಲೋಡ್ ಬೇಕಿತ್ತಾ ಸಾರ್? ಗಾಡಿ ನಿಂತೋಯ್ತು. ಖಾಯಂ ಲೇಔಟ್ ಒಂದಿತ್ತು, ಅದೂ ಹೋಯ್ತು. ಹೊಸಕೆರೆಹಳ್ಳಿ ಕೆರೆ ಹತ್ರ ಖಾಲಿ ಸೈಟಲ್ಲಿ ನಿಲ್ಸಿದೀನಿ. ನಾಳೆ ಗುಜರಿಯವ್ರು ಬಂದು ಕಟ್ ಮಾಡ್ಕೊಂಡ್ ಹೋಗ್ತಾರೆ.”

ನಾಳೆ! ನಾನು ಟೈಲರ್ ಅವರ ಸ್ಕೂಟರ್ ಹತ್ತಿ ಕೂತಾಗಿತ್ತು. ಮೇಸ್ತ್ರಿ ಆಟೊ ಮಾಡಿಕೊಂಡು, ಮನೆಯಿಂದ ತಂತಿ ಬ್ರಷ್ಷು, ಬಾಟಲಿಯಲ್ಲಿ ಸೀಮೆಎಣ್ಣೆ ತೆಗೆದುಕೊಂಡು ಹಿಂದೆಯೇ ಬಂದರು. ದಾರಿಯುದ್ದಕ್ಕೂ ನನ್ನ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಅದೇ ಆಗಿರಲಿ ಎಂದು ಒಂದು ಕಡೆ. ಅದಾಗಿರದಿದ್ದರೆ ಸಾಕಪ್ಪ, ನನ್ನ ಅಪ್ಪನ ಗಾಡಿಗೆ ನಾನೇ ಸಹಿ ಸಂಗ್ರಹಿಸಿ ಮಣ್ಣು ಹಾಕಿಲ್ಲ ಎಂದಾಗಲಿ ಎಂದು ಇನ್ನೊಂದು ಕಡೆ.

ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಗಿಡಗಳ ನಡುವೆ ಟ್ಯಾಂಕರ್ ನಿಂತಿತ್ತು. ಡ್ರೈವರ್ ಅದರ ಬ್ಯಾಟರಿ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ.

“ಏನ್ ಮೇಡಂ, ಇಲ್ಲಿಗೂ ಕಂಪ್ಲೇಂಟ್ ಹಿಡ್ಕೊಂಡ್ ಬಂದ್ರಾ?”

ನಾನು ನೇರ ಎಡಗಡೆ ಬಾಗಿಲ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಸೆರಗಿನಿಂದ ಆ ಪಟ್ಟಿಯ ಮೇಲಿನ ಮಣ್ಣು ಒರೆಸಿದೆ. ಒಂಬತ್ತು ಚುಕ್ಕಿಗಳಲ್ಲಿ ಎಂಟು ಇದ್ದವು.

ಆದರೂ ನಾನು ಗಣಿತದವಳು, ಉತ್ತರ ತಾಳೆ ನೋಡದೆ ಒಪ್ಪುವುದಿಲ್ಲ. ಚಾಸಿ ನಂಬರ್ ಬಲಗಡೆ ಮುಂದಿನ ಚಕ್ರದ ಹಿಂದೆ, ತೊಲೆಯ ಮೇಲಿರುತ್ತದೆ ಎಂದು ಮೇಸ್ತ್ರಿ ಹೇಳಿದರು. ಅವರಿಗೆ ಬಗ್ಗಲಾಗದು, ಟೈಲರಿಗೆ ಬೆನ್ನು ನೋವು. ನಾನೇ ಸೀರೆ ಎತ್ತಿ ಸಿಕ್ಕಿಸಿ, ಐವತ್ತೇಳರ ವಯಸ್ಸಿನಲ್ಲಿ ಗೋಣಿಚೀಲದ ಮೇಲೆ ಮಲಗಿ ಒಳಕ್ಕೆ ತೆವಳಿದೆ. ಬೆರಳು ದಪ್ಪ ಗ್ರೀಸು, ಅದರ ಮೇಲೆ ಮಣ್ಣು. ಸೀಮೆಎಣ್ಣೆ ಸುರಿದು ಉಜ್ಜಿದೆ. ಕಣ್ಣಿಗೆ ಬಿತ್ತು, ಬಾಯಿಗೂ ಬಿತ್ತು. ಥೂ ಎಂದು ಉಗಿದು ಮತ್ತೆ ಉಜ್ಜಿದೆ. ಒಂದು ಅಕ್ಷರ, ಆಮೇಲೆ ಅಂಕಿಗಳು. ಮೊದಲಿನವು ಆ ಕಾಲದ ಎಲ್ಲ ಗಾಡಿಗೂ ಒಂದೇ, ಅದಕ್ಕೆ ನಾನು ಕುಣಿಯಲಿಲ್ಲ. ಕೊನೆಯ ಐದು ಅಂಕಿಗಳನ್ನು ಒಂದೊಂದಾಗಿ ಉಜ್ಜಿ ತೆಗೆದೆ. ಐದನೆಯದನ್ನು ನೋಡಲು ಕಣ್ಣು ಮಂಜಾಗಿ, ಬೆರಳಿನಿಂದ ಮುಟ್ಟಿ ಓದಿಕೊಂಡೆ. ಏಳು.

ಲಾರಿಯ ಕೆಳಗೆ ಮಲಗಿಕೊಂಡೇ ಅತ್ತೆ. ನಾಚಿಕೆಯಾಗಲಿಲ್ಲ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ನನ್ನ ಗೇಟಿಗೆ ಬಂದು ಹಾರ್ನ್ ಹೊಡೆದ ಗಾಡಿ ಅದು. ಅಪ್ಪ ಸದ್ದಿನಲ್ಲೇ ಗುರುತು ಹಿಡಿಯುವವರು, ನಾನು ಮೈಮೇಲೆ ಬಂದು ನಿಂತರೂ ಹಿಡಿಯಲಿಲ್ಲ.

ಹೊರಗೆ ಬಂದು ಡ್ರೈವರಿಗೆ ಎಲ್ಲವನ್ನೂ ಹೇಳಿದೆ. ಪರ್ಸಿನ ಫೋಟೊ ತೋರಿಸಿದೆ. ಅವನು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ.

“ಚೆನ್ನಾಗಿತ್ತಲ್ಲ ಮೇಡಂ ಗಾಡಿ. ಮತ್ತೆ ನಿಮ್ ತಂದೆ ಯಾಕ್ ಮಾರಿದ್ರು?”

“ನಾನ್ ಹಠ ಮಾಡಿ ಮಾರಿಸ್ದೆ.”

ಅವನು ಫೋಟೊ ವಾಪಸ್ಸು ಕೊಟ್ಟ. “ಸರಿಹೋಯ್ತು,” ಎಂದ. “ಆವಾಗ್ಲೂ ನೀವೇ, ಈವಾಗ್ಲೂ ನೀವೇ. ಒಟ್ನಲ್ಲಿ ಈ ಗಾಡಿಗೆ ಶನಿ ಅಂದ್ರೆ ನೀವೇ ಬಿಡಿ.”

ಟೈಲರ್ ಅವನ ಮೇಲೆ ರೇಗಲು ಹೋದರು. ನಾನು ಕೈ ಅಡ್ಡ ಹಿಡಿದೆ. ಅವನು ಹೇಳಿದ್ದರಲ್ಲಿ ಏನು ತಪ್ಪಿದೆ? ನನ್ನ ಅಪ್ಪ ಹೇಳದೆ ಬಿಟ್ಟಿದ್ದನ್ನು ಅವನು ಹೇಳಿದ, ಅಷ್ಟೇ.

“ಶನಿ ಬಿಟ್ಟು ಹೋಗುವಾಗ ಒಳ್ಳೇದು ಮಾಡಿ ಹೋಗ್ತಾನಂತೆ,” ಎಂದೆ ನಾನು. “ನಾಳೆ ಗುಜರಿಯವರಿಗೆ ಬರ್ಬೇಡಿ ಅಂತ ಹೇಳಿ. ನಿಮ್ಮನ್ನ ಓಡಿಸಿದವಳು ನಾನು, ವಾಪಸ್ ಕರ್ಕೊಂಡ್ ಹೋಗೋಳೂ ನಾನೇ.”

“ನಿಮ್ ಲೇಔಟ್‌ನವ್ರು ಒಪ್ಪಲ್ಲ ಮೇಡಂ.”

“ಅದು ನನ್ನ ತಲೆನೋವು. ಹೊಗೆ, ಲೀಕು, ಅದು ಮೇಸ್ತ್ರಿ ತಲೆನೋವು. ನೀವು ಹತ್ತು ದಿನ ತಡೀರಿ, ಸಾಕು.”

ನಮ್ಮ ಗುಂಪಿನವರಿಗೆ ಸುದ್ದಿ ಗೊತ್ತಾದಾಗ ಎಲ್ಲರಿಗೂ ಒಂದೇ ಆಸೆ. ಟ್ಯಾಂಕ್ ಇಳಿಸಿ, ಫೋಟೊ ನೋಡಿ ದುಂಡು ಹಣೆಯ ಕ್ಯಾಬಿನ್ ಕಟ್ಟಿಸಿ, ಹಸಿರು ಹಳದಿ ಬಳಿದು, ಶೆಡ್ಡಿನಲ್ಲಿ ನಿಲ್ಲಿಸೋಣ ಎಂದು. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಆಸೆಯಾಗಿತ್ತು. ಡ್ರೈವರನ್ನು ಕೇಳಿದಾಗ ಅವನು, “ನಿಲ್ಸಿದ್ರೆ ತುಕ್ಕು ತಿನ್ನುತ್ತೆ ಮೇಡಂ. ಗಾಡಿ ಅಂದ್ರೆ ಓಡ್ಬೇಕು. ಆಮೇಲೆ ನಾನೇನ್ ಮಾಡ್ಲಿ, ಅದ್ರ ಪಕ್ಕ ಕೂತು ಭಜನೆ ಮಾಡ್ಲಾ?” ಎಂದ. ಆಸೆ ಬಿಟ್ಟೆ. ಕೆಲಸ ಬಿಡಿಸಿ ಕೂರಿಸಿದರೆ ಏನಾಗುತ್ತದೆಂದು ನಮ್ಮ ಮನೆಯ ಜಗಲಿಯ ಮೇಲೆ ಹದಿನಾರು ವರ್ಷ ನೋಡಿದ್ದೇನೆ.

ಮೇಸ್ತ್ರಿ ಹತ್ತು ದಿನ ಆ ಖಾಲಿ ಸೈಟಿನಲ್ಲೇ ಬಿಡಾರ ಹೂಡಿದರು. ಡೀಸೆಲ್ ಪಂಪ್ ಬಿಚ್ಚಿದರು, ನಾಜಲ್ ತೊಳೆದರು, ವಾಲ್ವಿಗೆ ಹೊಸ ವಾಷರ್ ಹಾಕಿದರು. ಡ್ರೈವರನ್ನು ಬೈದರು, ನನ್ನನ್ನೂ ಬೈದರು. ನಾನು ಶಾಲೆ ಮುಗಿಸಿ ದಿನಾ ಹೋಗಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ನನ್ನ ಆರು ಕಾರಣಗಳ ಪತ್ರ ಕೈಯಲ್ಲಿತ್ತು. ಒಂದೊಂದು ಸರಿಯಾದಂತೆ ಒಂದೊಂದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಹೊಗೆ ತಪಾಸಣೆಯ ಚೀಟಿಯೂ ಪಾಸಾಗಿ ಬಂತು.

ಆಮೇಲೆ ಸಂಘದ ಸಭೆ. ನನ್ನ ಪತ್ರವನ್ನು ನಾನೇ ನಿಂತು ಓದಿದೆ, ನಾನೇ ವಾಪಸ್ಸು ಪಡೆಯುತ್ತೇನೆ ಎಂದೆ. ಒಂದೇ ಗಲಾಟೆ.

“ಏನ್ ಮೇಡಂ ತಮಾಷೆ ಇದು? ಓಡಿಸಿದ್ದೂ ನೀವೇ, ಕರೆಯೋದೂ ನೀವೇನಾ?” ಎಂದರು ಮೂರನೇ ಮನೆಯವರು.

“ಹೌದು. ಲೆಕ್ಕ ತಪ್ಪಿದವರೇ ತಿದ್ದಬೇಕು, ಪಕ್ಕದ ಬೆಂಚಿನವರಲ್ಲ. ಒಂದು ತಿಂಗಳು ನೋಡಿ. ಹೊಗೆ ಬಂದ್ರೆ, ಒಂದು ತೊಟ್ಟು ಸೋರಿದ್ರೆ, ನಾನೇ ಗೇಟ್ ಹಾಕ್ತೀನಿ.”

“ಅಲ್ಲ, ಅಷ್ಟೊಂದು ಒದ್ದಾಡ್ತೀರಲ್ಲ, ಆ ಲಾರಿ ನಿಮಗೆ ಏನಾಗ್ಬೇಕು?” ಹಿಂದಿನ ಸಾಲಿನಿಂದ ಯಾರೋ ನಗುತ್ತಾ ಕೇಳಿದರು.

ತಮಾಷೆಗೆ ಕೇಳಿದ್ದು ಅದು. ಆದರೆ ಕಾಲೇಜಿನ ಗೇಟು, ಓಡುತ್ತಿದ್ದ ಎಂಜಿನ್, ಸ್ಟೇರಿಂಗ್ ಮೇಲಿನ ಅಪ್ಪನ ಕೈ, ಎಲ್ಲ ಕಣ್ಣ ಮುಂದೆ ಬಂತು. ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ಕೊಟ್ಟೆ.

“ನಮ್ಮಪ್ಪನ ಲಾರಿ ಅದು,” ಎಂದೆ. ಸಾಲದೆಂದು ಇನ್ನೂ ಜೋರಾಗಿ ಹೇಳಿದೆ. “ನಮ್ಮಪ್ಪ ಲಾರಿ ಡ್ರೈವರ್.”

ಮೂರನೇ ಮನೆಯವರೇ ಮೊದಲು ಕೈ ಎತ್ತಿದರು. ಒಂದು ತಿಂಗಳ ಮಟ್ಟಿಗೆ ಎಂದು ಒಪ್ಪಿಗೆಯಾಯಿತು. ಸಾಕು, ಒಂದು ತಿಂಗಳನ್ನು ಹನ್ನೆರಡು ಮಾಡುವುದು ನನಗೆ ಗೊತ್ತು.

ಭಾನುವಾರ ಪುಸ್ತಕ ತೆಗೆದು ಮೊದಲ ಪುಟದ ನಿಯಮದ ಮೇಲೆ ಗೀಟು ಎಳೆದೆ. ‘ಕಂಡದ್ದು’ ಭಾಗದಲ್ಲಿ ಹೊಸ ಸಾಲು ಬರೆದೆ. ಮುಟ್ಟಿದ್ದೀರಾ ಎಂದು ಕೇಳುವುದು ನಮ್ಮ ವಾಡಿಕೆ. ಮೇಸ್ತ್ರಿ ನನ್ನ ಉಗುರಿನ ಸಂದಿಯ ಗ್ರೀಸು ನೋಡಿ, ಕೇಳದೆಯೇ ಸಹಿ ಹಾಕಿದರು.

ಮರುದಿನ ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೇ ಎದ್ದು ಗೇಟಿನ ಹತ್ತಿರ ನಿಂತೆ. ಮೊದಲು ಹಾಲಿನ ಗಾಡಿ ಬಂತು. ಆಮೇಲೆ ಒಂದು ಮರಳಿನ ಲಾರಿ ಮುಖ್ಯರಸ್ತೆಯಲ್ಲಿ ಹೋಯಿತು. ನನಗೇ ಗೊತ್ತಿಲ್ಲದೆ ಬಾಯಲ್ಲಿ ಬಂತು, “ನಮ್ದಲ್ಲ.”

ತಿರುವಿನಲ್ಲಿ ಗೇರು ಬದಲಾದ ಸದ್ದಾಯಿತು. ಚಪ್ಪಟೆ ಮುಖದ ಆ ಮುದಿ ಟ್ಯಾಂಕರ್ ಬಂದು ನಿಂತಿತು. ಹೊಗೆ ಇಲ್ಲ, ಸೋರುತ್ತಿಲ್ಲ. ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟವನು ನನ್ನನ್ನು ನೋಡಿ ತೆಗೆದ. ಪೈಪ್ ಹಿಡಿಯಲು ಬಂದ ಹೊಸ ವಾಚ್‌ಮನ್‌ಗೆ ಯಾವ ಗಾಡಿಯೂ ಗೊತ್ತಿರಲಿಲ್ಲ.

“ಯಾವ್ದಮ್ಮ ಇದು? ಒಳಗ್ ಬಿಡ್ಲಾ?” ಎಂದ.

ನಾನು ಗೇಟಿನ ಎರಡು ಬಾಗಿಲನ್ನೂ ಪೂರ್ತಿ ತೆಗೆದೆ.

“ಬಿಡಪ್ಪ,” ಎಂದೆ. “ನಮ್ದು.”